ಎರಡನೇ ಹೆಸರು ಬರೆಯದೆ ಬಂದೆ

ನಮ್ಮ ಬೀದಿಗೆ ಕಸದ ಲಾರಿ ಬರುವುದು ಬೆಳಗಿನ ಜಾವ. ಬಿಳಿ ಬಣ್ಣದ ದೊಡ್ಡ ಲಾರಿ, ಇಬ್ಬರೇ ಕೆಲಸಗಾರರು. ಹಿಮ ಬಿದ್ದ ರಾತ್ರಿ ಅದೇ ಲಾರಿ ಮೂತಿಗೆ ಅಗಲವಾದ ಕಬ್ಬಿಣದ ಹಲಗೆ ಕಟ್ಟಿಕೊಂಡು, ಚಕ್ರಕ್ಕೆ ಸರಪಳಿ ಸುತ್ತಿಕೊಂಡು ಬರುತ್ತದೆ. ಝಲ್ ಝಲ್ ಅಂತ ಸದ್ದು ಮಾಡುತ್ತಾ ಹಿಮವನ್ನು ಪಕ್ಕಕ್ಕೆ ತಳ್ಳಿ ಹೋಗುತ್ತದೆ. ನ್ಯೂಯಾರ್ಕಿಗೆ ಬಂದ ಮೊದಲ ಚಳಿಗಾಲದಲ್ಲಿ ಇದನ್ನು ಕಿಟಕಿಯಲ್ಲಿ ನಿಂತು ನೋಡಿದ್ದೆ. ಕಸ ಎತ್ತುವವರೇ ಹಿಮವನ್ನೂ ಎತ್ತುತ್ತಾರೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಈ ಲಾರಿಗಳ ಇಲಾಖೆಯನ್ನು 2014ರಿಂದ 2020ರವರೆಗೆ ನಡೆಸಿದವರು ಕ್ಯಾಥರಿನ್ ಗಾರ್ಸಿಯಾ. 2021ರಲ್ಲಿ ಅವರು ಮೇಯರ್ ಆಗಲು ಹೊರಟರು. ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ 7,197 ಮತಗಳಿಂದ ಸೋತರು. ಸುಮಾರು 9 ಲಕ್ಷ 42 ಸಾವಿರ ಜನ ಮತ ಹಾಕಿದ ಚುನಾವಣೆಯಲ್ಲಿ ಏಳು ಸಾವಿರ ಚಿಲ್ಲರೆ ಅಂತರ.

ಆ ಸೋಲಿನಲ್ಲಿ ನನ್ನದೊಂದು ಚಿಕ್ಕ ಪಾಲಿದೆ. ಅದನ್ನು ಬರೆಯೋಣ ಅಂತ ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೆ.

ಮೊದಲು ಪ್ರೈಮರಿ ಅಂದರೇನು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ವಾ? ಆಕಾಂಕ್ಷಿಗಳು ದೆಹಲಿಗೆ ಹೋಗುತ್ತಾರೆ, ಕಾಯುತ್ತಾರೆ, ಬಿ ಫಾರಂ ಸಿಕ್ಕವರು ನಗುತ್ತಾ ಬರುತ್ತಾರೆ, ಸಿಗದವರು ಬಂಡಾಯ ಏಳುತ್ತಾರೆ. ಇಲ್ಲಿ ಟಿಕೆಟ್ ಯಾರಿಗೆ ಅನ್ನುವುದಕ್ಕೇ ಒಂದು ಚುನಾವಣೆ. ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡ ಮತದಾರರೇ ಅದರ ಹೈಕಮಾಂಡ್. ನ್ಯೂಯಾರ್ಕ್ ನಗರದಲ್ಲಿ ಡೆಮಾಕ್ರಟರು ಎಷ್ಟು ಜಾಸ್ತಿ ಅಂದರೆ, ಜೂನ್‌ನಲ್ಲಿ ಅವರ ಪ್ರೈಮರಿ ಗೆದ್ದವರು ನವೆಂಬರ್‌ನಲ್ಲಿ ಗೆದ್ದ ಹಾಗೇ ಲೆಕ್ಕ. ಹಾಗಾಗಿ ನಿಜವಾದ ಕುಸ್ತಿ ಜೂನ್‌ನಲ್ಲೇ ಮುಗಿಯುತ್ತದೆ.

ನನಗೆ ಇಲ್ಲಿಯ ಪೌರತ್ವ ಸಿಕ್ಕಿ ಆಗ ಸ್ವಲ್ಪ ದಿನವಾಗಿತ್ತು. ಮೇಯರ್‌ಗೆ ಅಂತ ಜೀವನದಲ್ಲಿ ಮೊದಲ ಸಲ ಮತ ಹಾಕುವ ಅವಕಾಶ. ಬೆಂಗಳೂರಿನಲ್ಲಿ ಇದ್ದಷ್ಟು ದಿನ ಮೇಯರ್ ಯಾರು ಅಂತ ಪೇಪರ್ ನೋಡಿ ತಿಳಿಯುತ್ತಿತ್ತು, ಅಷ್ಟೇ. ಒಂದು ವರ್ಷಕ್ಕೊಬ್ಬರು, ಆರಿಸುವವರು ಕಾರ್ಪೊರೇಟರುಗಳು, ಜೊತೆಗೆ ಶಾಸಕರು, ಸಂಸದರು. ಹೆಸರು ನೆನಪಾಗುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ನಾನು ನ್ಯೂಯಾರ್ಕಿನ ನಮ್ಮ ಭಾಗವಾದ ಕ್ವೀನ್ಸ್‌ನಲ್ಲಿ ಮತ ಹಾಕಿದ ವರ್ಷವಂತೂ ಬೆಂಗಳೂರಿಗೆ ಮೇಯರೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಅಕ್ಕ ಫೋನಿನಲ್ಲಿ, "ನಿಂಗೆ ಅಲ್ಲಾದ್ರೂ ಮೇಯರ್ ಸಿಗ್ತಾರಲ್ಲ, ಬಿಡು" ಅಂದಿದ್ದಳು.

ಕಣದಲ್ಲಿ ಹದಿಮೂರು ಜನ. ಎರಿಕ್ ಆಡಮ್ಸ್, ಪೊಲೀಸ್ ಕ್ಯಾಪ್ಟನ್ ಆಗಿದ್ದವರು, ನಗರದ ಐದು ಭಾಗಗಳಲ್ಲಿ (ಇವನ್ನು ಬರೋ ಅನ್ನುತ್ತಾರೆ) ಒಂದಾದ ಬ್ರೂಕ್ಲಿನ್‌ನ ಅಧ್ಯಕ್ಷ. ಮಾಯಾ ವೈಲಿ, ವಕೀಲೆ, ಆಗಿನ ಮೇಯರ್ ಡಿ ಬ್ಲಾಸಿಯೊ ಅವರಿಗೆ ಕಾನೂನು ಸಲಹೆ ಕೊಟ್ಟವರು. ಆಂಡ್ರ್ಯೂ ಯಾಂಗ್, ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಹೆಸರು ಮಾಡಿಕೊಂಡು ಬಂದವರು. ಈ ಮೂವರ ನಡುವೆ ಗಾರ್ಸಿಯಾ. ಶುರುವಿನಲ್ಲಿ ಅವರನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಇದಕ್ಕೆ ಮುಂಚೆ ಒಂದು ಚುನಾವಣೆಗೂ ನಿಂತವರಲ್ಲ. ಭಾಷಣಗಾರ್ತಿ ಅಲ್ಲ. ಚರ್ಚೆಗಳಲ್ಲಿ ಉಳಿದವರು ಕನಸು ಮಾರುತ್ತಿದ್ದರೆ ಇವರು ಯಾವ ಕೆಲಸ ಯಾವ ಇಲಾಖೆಯಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹೇಳುತ್ತಿದ್ದರು. ಕೇಳಲು ಬೋರ್ ಹೊಡೆಯುತ್ತಿತ್ತು. ಈಗ ನೆನಪಿಸಿಕೊಂಡರೆ ಅವರು ಹೇಳಿದ್ದೇ ನೆನಪಿದೆ, ಮಿಕ್ಕಿದ್ದು ಮರೆತಿದೆ.

ಅವರ ತಂದೆ ಮೇಯರ್ ಎಡ್ ಕಾಚ್ ಕಾಲದಲ್ಲಿ ನಗರದ ಕಾರ್ಮಿಕ ಸಂಘಗಳ ಜೊತೆ ಮಾತುಕತೆ ನಡೆಸುತ್ತಿದ್ದ ಅಧಿಕಾರಿ. ದತ್ತು ಮಕ್ಕಳ ಮನೆ, ಇವರೂ ದತ್ತು ಮಗಳೇ. ಬೆಳೆದದ್ದು ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್‌ನಲ್ಲಿ. ಸ್ಯಾಂಡಿ ಚಂಡಮಾರುತ ಬಂದಾಗ ನಗರದ ನೀರು-ಒಳಚರಂಡಿ ಇಲಾಖೆಯಲ್ಲಿದ್ದರು. ಆಮೇಲೆ ಕಸದ ಕಮಿಷನರ್. ಸಾರ್ವಜನಿಕ ವಸತಿ ಸಂಸ್ಥೆ ಗೊಂದಲಕ್ಕೆ ಬಿದ್ದಾಗ ಹಂಗಾಮಿ ಮುಖ್ಯಸ್ಥೆ. ಮಕ್ಕಳ ರಕ್ತಕ್ಕೆ ಸೀಸ ಸೇರುತ್ತಿದೆ ಅಂತ ಗಲಾಟೆಯಾದಾಗ ಅದಕ್ಕೂ ಇವರೇ. ಕೋವಿಡ್ ಬಂದಾಗ ಮನೆಯಲ್ಲೇ ಸಿಕ್ಕಿಕೊಂಡವರಿಗೆ ಊಟ ತಲುಪಿಸುವ ಹೊಣೆಯೂ ಇವರದೇ. ಎಲ್ಲಿ ಸೋರಿದರೆ ಅಲ್ಲಿಗೆ ಇವರನ್ನು ಕಳಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಮದುವೆ ಬಂದರೆ ಒಬ್ಬ ಚಿಕ್ಕಮ್ಮ ಇರುತ್ತಾರಲ್ಲ, ಗ್ಯಾಸ್ ಮುಗಿದರೂ ಅವರನ್ನೇ ಕರೆಯುವುದು, ಬೀಗರು ಮುನಿಸಿಕೊಂಡರೂ ಅವರನ್ನೇ ಕರೆಯುವುದು. ಫೋಟೋದಲ್ಲಿ ಮಾತ್ರ ಅವರು ಇರುವುದಿಲ್ಲ.

ಅವರ ಮೊದಲ ಟಿವಿ ಜಾಹೀರಾತು ಇದನ್ನೇ ಆಟವಾಡಿಸಿತ್ತು. ಬೆಂಕಿ ಆರಿಸುವ ಸಲಕರಣೆ ಇಡುತ್ತಾರಲ್ಲ, ತುರ್ತು ಸಮಯದಲ್ಲಿ ಗಾಜು ಒಡೆಯಿರಿ ಅಂತ ಬರೆದು, ಅಂಥ ಗಾಜಿನ ಪೆಟ್ಟಿಗೆಯೊಳಗೆ ಅವರೇ ನಿಂತಿದ್ದರು. ನಾನೂ ನನ್ನ ಗಂಡನೂ ನಕ್ಕಿದ್ದೆವು.

ಇನ್ನೊಂದು ಮಾತು ಹೇಳಬೇಕು. ಅವರ ಕೆಲಸ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು ಅಂತ ಅಲ್ಲ. 2018ರ ನವೆಂಬರ್ 15ರಂದು ಸ್ವಲ್ಪವೇ ಹಿಮ ಅಂತ ಹವಾಮಾನದವರು ಹೇಳಿದ್ದರು, ಸೆಂಟ್ರಲ್ ಪಾರ್ಕಿನಲ್ಲಿ ಆರು ಅಂಗುಲ ದಾಟಿತು. ಊರೆಲ್ಲ ಗಂಟೆಗಟ್ಟಲೆ ನಿಂತುಬಿಟ್ಟಿತು. ಶಾಲೆಯ ಬಸ್ಸುಗಳಲ್ಲಿ ಮಕ್ಕಳು ರಾತ್ರಿವರೆಗೆ ಸಿಕ್ಕಿಕೊಂಡಿದ್ದರು. ಗಾರ್ಸಿಯಾ ನಗರಸಭೆಯ ಮುಂದೆ ಕುಳಿತು ಉತ್ತರ ಕೊಡಬೇಕಾಯಿತು. ಆರು ವರ್ಷದ ಎಷ್ಟೋ ಹಿಮಪಾತಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಅದೊಂದೇ. ಕಸ, ನೀರು, ಹಿಮದ ಕೆಲಸ ಹೀಗೇ. ಸರಿಯಾಗಿ ಆದ ದಿನ ಕಣ್ಣಿಗೇ ಬೀಳುವುದಿಲ್ಲ.

ಇದು ಗೊತ್ತಾಗಬೇಕಾದರೆ ಕ್ವೀನ್ಸ್‌ನ ಹಳಬರ ಹತ್ತಿರ 1969ರ ಫೆಬ್ರವರಿ ಬಗ್ಗೆ ಕೇಳಬೇಕು. ಹದಿನೈದು ಅಂಗುಲ ಹಿಮ ಬಿದ್ದಿತ್ತು. ಮ್ಯಾನ್‌ಹ್ಯಾಟನ್ ಬೇಗ ಸ್ವಚ್ಛವಾಯಿತು, ಕ್ವೀನ್ಸ್‌ನ ಬೀದಿಗಳು ದಿನಗಟ್ಟಲೆ ಹಾಗೇ ಬಿದ್ದಿದ್ದವು. ನಗರದಲ್ಲಿ 42 ಜನ ಸತ್ತರು. ಮೇಯರ್ ಜಾನ್ ಲಿಂಡ್ಸೆ ನೋಡಲು ಬಂದರೆ ಅವರ ಕಾರೇ ಹಿಮದಲ್ಲಿ ಸಿಕ್ಕಿಕೊಂಡಿತು. ಜನ ಮುಖಕ್ಕೆ ಹೊಡೆದ ಹಾಗೆ ಬೈದರು. ಅದೇ ಜೂನ್‌ನಲ್ಲಿ ರಿಪಬ್ಲಿಕನ್ ಪ್ರೈಮರಿಯಲ್ಲಿ, ಕುರ್ಚಿಯಲ್ಲಿ ಕೂತ ಮೇಯರೇ ಜಾನ್ ಮಾರ್ಕಿ ಎದುರು ಸೋತುಹೋದರು. ಆಮೇಲೆ ಲಿಬರಲ್ ಪಕ್ಷದ ಟಿಕೆಟ್ ಮೇಲೆ ನಿಂತು ನವೆಂಬರ್‌ನಲ್ಲಿ ಗೆದ್ದುಬಿಟ್ಟರು, ಅದು ಬೇರೆ ಕಥೆ. ಬಂಡಾಯ ಅಭ್ಯರ್ಥಿ ಗೆಲ್ಲುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಗಾರ್ಸಿಯಾ ವಿಷಯಕ್ಕೆ ಬರುತ್ತೇನೆ. ಪ್ರಚಾರದ ಉದ್ದಕ್ಕೂ ಅವರ ಬಗ್ಗೆ ಎದುರಾಳಿಗಳೇ ಒಳ್ಳೆಯ ಮಾತಾಡುತ್ತಿದ್ದರು. ನಾನು ಗೆದ್ದರೆ ಆಕೆಯನ್ನು ನನ್ನ ಆಡಳಿತಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಯಾಂಗ್ ಮತ್ತೆ ಮತ್ತೆ ಹೇಳಿದರು. ಹೊಗಳಿಕೆಯೇ ಅದು. ಆದರೆ ಗಾರ್ಸಿಯಾ ಸಿಟ್ಟಾದರು. ನಾನಿಲ್ಲದೆ ಈ ಕೆಲಸ ಮಾಡುವಷ್ಟು ಶಕ್ತಿ ನಿಮಗಿಲ್ಲವಾ, ನಾನು ನಿಂತಿರುವುದು ಎರಡನೇ ಸ್ಥಾನಕ್ಕಲ್ಲ ಅನ್ನುವ ಅರ್ಥದಲ್ಲಿ ತಿರುಗಿಸಿ ಕೊಟ್ಟರು.

ಆ ಸುದ್ದಿ ಓದಿದಾಗ ಅಡುಗೆಮನೆಯಲ್ಲಿ ಹುಳಿ ಕುದಿಯುತ್ತಿತ್ತು. "ಅಯ್ಯೋ, ಒಳ್ಳೆ ಮಾತು ಹೇಳಿದ್ರೂ ಕೋಪಾನಾ" ಅಂದೆ. ಗಂಡ, "ಅವ್ರು ಒಳ್ಳೆ ಅಧಿಕಾರಿ. ಇನ್ನೊಬ್ರು ಮೇಯರ್ ಆಗಿ, ಇವ್ರು ಪಕ್ಕದಲ್ಲಿದ್ರೆ ಚೆನ್ನ" ಅಂದ. ನಾನೂ ಹೌದು ಅಂದೆ. ಆ "ಹೌದು" ಈಗಲೂ ಚುಚ್ಚುತ್ತದೆ. ಯಾಕೆ ಅಂದರೆ ಅದೇ ವರ್ಷ ನನ್ನ ಕಚೇರಿಯಲ್ಲಿ ತಂಡದ ಮುಖ್ಯಸ್ಥರ ಜಾಗ ಖಾಲಿಯಾಗಿತ್ತು. ಏಳು ವರ್ಷ ಆ ತಂಡದ ಚಿಲ್ಲರೆ ತೊಂದರೆಗಳನ್ನೆಲ್ಲ ತೀರಿಸಿದವಳು ನಾನು. ಜಾಗ ಹೊರಗಿನಿಂದ ಬಂದವರಿಗೆ ಹೋಯಿತು. ಬಂದ ಮೊದಲ ವಾರ ಅವರು ನನ್ನನ್ನು ಕಾಫಿಗೆ ಕರೆದು, ನೀವಿಲ್ಲದೆ ಇಲ್ಲಿ ಏನೂ ನಡೆಯಲ್ಲ ಅಂತ ಕೇಳಿದೆ, ನೀವೇ ನನ್ನ ಬಲಗೈ ಅಂದರು. ನಾನು ಥ್ಯಾಂಕ್ಸ್ ಅಂದೆ. ಮನೆಗೆ ಬಂದು ಅಳುವಷ್ಟೇನೂ ಆಗಲಿಲ್ಲ. ಸುಮ್ನೆ ಪಾತ್ರೆಗಳನ್ನು ಜೋರಾಗಿ ತೊಳೆದೆ.

ಇಷ್ಟಾದರೂ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಆಗ ಬರಲಿಲ್ಲ ನೋಡಿ.

ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕ ಮಂಡಳಿ ಗಾರ್ಸಿಯಾಗೆ ಬೆಂಬಲ ಕೊಟ್ಟಿತು. ಡೇಲಿ ನ್ಯೂಸ್ ಕೂಡ. ಕೊನೆಯ ಸಾಲಿನಲ್ಲಿದ್ದವರು ಒಂದೇ ತಿಂಗಳಲ್ಲಿ ಮುಂದಿನ ಸಾಲಿಗೆ ಬಂದರು. ಜೂನ್ 19ರಂದು ಯಾಂಗ್, ಗಾರ್ಸಿಯಾ ಜೊತೆ ಒಟ್ಟಿಗೆ ಪ್ರಚಾರಕ್ಕೆ ಇಳಿದು, ನನಗೆ ಮೊದಲ ಮತ ಕೊಡಿ, ಎರಡನೆಯದು ಗಾರ್ಸಿಯಾಗೆ ಕೊಡಿ ಅಂತ ತಮ್ಮವರಿಗೆ ಹೇಳಿದರು. ಗಾರ್ಸಿಯಾ ಪಕ್ಕದಲ್ಲಿ ನಿಂತರು, ಆದರೆ ತಮ್ಮವರಿಗೆ ಯಾಂಗ್‌ಗೆ ಎರಡನೆಯದು ಕೊಡಿ ಅನ್ನಲಿಲ್ಲ. ಈ ಕೊಡು-ಕೊಳ್ಳುವಿಕೆ ಅರ್ಥವಾಗಬೇಕಾದರೆ ಮತ ಹಾಕುವ ರೀತಿ ಗೊತ್ತಿರಬೇಕು.

2019ರಲ್ಲಿ ನಗರದ ಜನ ಮತ ಹಾಕಿಯೇ ಒಪ್ಪಿದ್ದ ಹೊಸ ಪದ್ಧತಿ ಅದು. ಮೇಯರ್ ಪ್ರೈಮರಿಗೆ ಅದು ಮೊದಲ ಸಲ. ಒಬ್ಬರಿಗೆ ಮಾತ್ರ ಅಲ್ಲ, ಐದು ಜನರವರೆಗೆ ಕ್ರಮವಾಗಿ ಗುರುತು ಹಾಕಬಹುದು. ಹೋಟೆಲಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಮಸಾಲೆ ದೋಸೆ ಇದ್ಯಾ? ಖಾಲಿನಾ? ಸರಿ, ಸೆಟ್ ದೋಸೆ ಕೊಡಿ. ಅದೂ ಇಲ್ವಾ? ಹೋಗಲಿ, ಇಡ್ಲಿ. ಹೀಗೆ. ಕಡಿಮೆ ಮತ ಬಿದ್ದವರನ್ನು ಸುತ್ತು ಸುತ್ತಿಗೂ ಕಣದಿಂದ ತೆಗೆಯುತ್ತಾರೆ, ಅವರಿಗೆ ಹಾಕಿದ್ದವರ ಮತ ಅವರ ಮುಂದಿನ ಹೆಸರಿಗೆ ಹೋಗುತ್ತದೆ. ಮಸಾಲೆ ದೋಸೆ ಬಿಟ್ಟು ಇನ್ನೇನೂ ಬೇಡ ಅಂದವರು ಹಸಿದುಕೊಂಡೇ ಮನೆಗೆ ಹೋಗಬೇಕು.

ಜೂನ್ 22, ಮಂಗಳವಾರ. ಶಾಲೆಯ ಜಿಮ್‌ನಲ್ಲಿ ಮತಗಟ್ಟೆ. ಸೂಚನೆಗಳು ಬಂಗಾಳಿಯಲ್ಲೂ ಇದ್ದವು, ನೋಡಿ ಸ್ವಲ್ಪ ಹೊಟ್ಟೆ ಉರಿಯಿತು. ಹತ್ತಿರದವರಂತೆ ಕಂಡ ವಯಸ್ಸಾದ ಹೆಂಗಸೊಬ್ಬರು ಉದ್ದನೆಯ ಕಾಗದ ಕೊಟ್ಟರು. ಎಡಗಡೆ ಹೆಸರುಗಳು, ಮುಂದೆ ಐದು ಸಾಲು ಮೊಟ್ಟೆಯಾಕಾರದ ಖಾಲಿ ಗುರುತುಗಳು. ಪಿಯುಸಿ ನಂತರ ಸಿಇಟಿ ಬರೆದ ದಿನ ನೆನಪಾಯಿತು. ಕಪ್ಪು ಪೆನ್ನಿನಲ್ಲಿ ಮಾಯಾ ವೈಲಿ ಎದುರು ಮೊದಲ ಗುರುತು ತುಂಬಿದೆ. ಆಕೆಯ ಮಾತು ನನಗೆ ಹಿಡಿಸಿತ್ತು. ಎರಡನೇ ಸಾಲಿಗೆ ಪೆನ್ನು ತಂದೆ.

ಅಲ್ಲಿ ನಿಂತೆ.

ಗಾರ್ಸಿಯಾ ಹೆಸರು ಕಣ್ಣಿಗೆ ಬಿತ್ತು. ಬಿತ್ತು ಅನ್ನುವುದು ಚೆನ್ನಾಗಿ ನೆನಪಿದೆ. ಆದರೆ ಮೂವತ್ತು ವರ್ಷ ಒಬ್ಬರಿಗೆ ಒಂದು ಮತ ಅಂತ ಕಲಿತ ಕೈ. ಎರಡನೆಯವರಿಗೆ ಹಾಕಿದರೆ ಮೊದಲನೆಯವರಿಗೆ ಮೋಸ ಮಾಡಿದ ಹಾಗೆ ಅನ್ನಿಸಿತು. ಹಾಗೇನೂ ಇಲ್ಲ, ನಿಮ್ಮ ಮೊದಲನೆಯವರು ಕಣದಲ್ಲಿ ಇರುವವರೆಗೆ ಎರಡನೇ ಹೆಸರನ್ನು ಯಾರೂ ಮುಟ್ಟುವುದೇ ಇಲ್ಲ ಅಂತ ನಗರದವರು ಮನೆಗೆ ಕರಪತ್ರ ಕಳಿಸಿದ್ದರು. ಓದಿದ್ದೆ ಕೂಡ. ಆದರೂ ಕೈ ಬರಲಿಲ್ಲ. ನಾಲ್ಕು ಸಾಲು ಖಾಲಿ ಬಿಟ್ಟು ಕಾಗದವನ್ನು ಮೆಷಿನ್‌ಗೆ ಕೊಟ್ಟೆ. ಸರ್ರನೆ ನುಂಗಿತು. ಒಂದು ಸ್ಟಿಕ್ಕರ್ ಕೊಟ್ಟರು. ಮೈಸೂರಿನಲ್ಲಿ ಹುಟ್ಟಿದವಳಿಗೆ ಬೆರಳಿಗೆ ಶಾಯಿ ಇಲ್ಲದೆ ಮತ ಹಾಕಿದ ಹಾಗೇ ಅನಿಸುವುದಿಲ್ಲ. ಆ ಶಾಯಿ ನಮ್ಮೂರಿನ ಕಾರ್ಖಾನೆಯಲ್ಲೇ ತಯಾರಾಗುವುದು ತಾನೇ.

ಆ ರಾತ್ರಿ ಮೊದಲ ಆಯ್ಕೆಯ ಲೆಕ್ಕ ಬಂತು. ಆಡಮ್ಸ್ ಮುಂದೆ, ವೈಲಿ ಎರಡನೆಯವರು, ಗಾರ್ಸಿಯಾ ಮೂರನೆಯವರು. ವಾರದ ಮೇಲೆ, ಜೂನ್ 29ಕ್ಕೆ, ಸುತ್ತುಗಳ ಲೆಕ್ಕ ಹೊರಬಿತ್ತು, ಗಾರ್ಸಿಯಾ ಆಡಮ್ಸ್ ಬೆನ್ನಿಗೇ ಬಂದಿದ್ದರು. ಊರೆಲ್ಲ ದಂಗಾಯಿತು. ಸಂಜೆ ಹೊತ್ತಿಗೆ ಚುನಾವಣಾ ಮಂಡಳಿ ಆ ಲೆಕ್ಕವನ್ನೇ ವಾಪಸ್ ತೆಗೆದುಕೊಂಡಿತು. ಮೆಷಿನ್ ಪರೀಕ್ಷೆಗೆ ಅಂತ ಹಾಕಿದ್ದ ಸುಮಾರು 1 ಲಕ್ಷ 35 ಸಾವಿರ ಸುಳ್ಳು ಮತಗಳನ್ನು ಅಳಿಸುವುದನ್ನೇ ಮರೆತಿದ್ದರು! ನಮ್ಮ ಕಡೆಯ ಎಣಿಕೆ ಕೇಂದ್ರಗಳ ಬಗ್ಗೆ ಜೋಕ್ ಮಾಡುತ್ತಿದ್ದ ಸಹೋದ್ಯೋಗಿಗಳು ಅವತ್ತು ಸುಮ್ಮನಿದ್ದರು. ಮರುದಿನ ಸರಿಪಡಿಸಿದ ಲೆಕ್ಕದಲ್ಲಿ ಅಂತರ 14,755. ಅಂಚೆಯ ಮತಗಳು ಸೇರಿ ಜುಲೈ 6ಕ್ಕೆ 8,426. ಕೊನೆಗೆ ಅಧಿಕೃತವಾಗಿ 7,197. ಆಡಮ್ಸ್‌ಗೆ 4,04,513, ಗಾರ್ಸಿಯಾಗೆ 3,97,316. ಪ್ರತಿ ಎಣಿಕೆಗೂ ಅವರು ಹತ್ತಿರ ಬರುತ್ತಲೇ ಇದ್ದರು. ಇನ್ನೊಂದು ಎಣಿಕೆ ಇರಲಿಲ್ಲ, ಅಷ್ಟೇ.

ಈ ಕೋಷ್ಟಕವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊನೆಯ ಸುತ್ತಿಗೆ ಮುಂಚೆ ಮೂವರು ಉಳಿದಿದ್ದರು. ಗಾರ್ಸಿಯಾ ವೈಲಿಗಿಂತ ಹನ್ನೆರಡು ಸಾವಿರದಷ್ಟು ಮುಂದೆ. ವೈಲಿ ಹೊರಬಿದ್ದರು. ಅವರ ಬುಟ್ಟಿಯಲ್ಲಿ ಎರಡೂವರೆ ಲಕ್ಷದ ಮೇಲೆ ಮತಗಳು. ಅದರಲ್ಲಿ ಸುಮಾರು 1 ಲಕ್ಷ 30 ಸಾವಿರ ಗಾರ್ಸಿಯಾಗೆ ಹೋದವು. ಸುಮಾರು 50 ಸಾವಿರ ಆಡಮ್ಸ್‌ಗೆ. ಉಳಿದ 74 ಸಾವಿರ ಚಿಲ್ಲರೆ ಮತಗಳಲ್ಲಿ ಇವರಿಬ್ಬರ ಹೆಸರೂ ಇರಲಿಲ್ಲ. ಅವು ಅಲ್ಲೇ ನಿಂತವು.

ಆ 74 ಸಾವಿರದಲ್ಲಿ ಒಂದು ನನ್ನದು.

ನನ್ನದೊಂದರಿಂದ ಏನೂ ಆಗುತ್ತಿರಲಿಲ್ಲ, ಗೊತ್ತು. ಗಂಡನೂ ಅದನ್ನೇ ಹೇಳಿದ. ಆದರೆ ಬೇಸರ ಸೋಲಿನದಲ್ಲ. ಗಾರ್ಸಿಯಾ ಬೇಡ ಅಂತ ನಾನು ಬಿಟ್ಟಿದ್ದರೆ ಅದೊಂದು ಮಾತು. ಆಡಮ್ಸ್‌ಗಿಂತ ಅವರು ನನಗೆ ಸಾವಿರ ಪಾಲು ಬೇಕಿತ್ತು. ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ. ಕಾಗದ ಕೇಳಿತ್ತು ಕೂಡ, ನಾಲ್ಕು ಸಲ ಕೇಳಿತ್ತು.

ವೈಲಿ ಮತ್ತು ಗಾರ್ಸಿಯಾ ಒಬ್ಬರಿಗೊಬ್ಬರು ಎರಡನೇ ಮತ ಕೇಳಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಜನ ತುಂಬಾ ಮಾತಾಡಿದರು. ಇಬ್ಬರೂ ಕೇಳಲಿಲ್ಲ. ತತ್ವ ಬೇರೆ ಬೇರೆ ಇತ್ತು, ವೈಲಿ ಎಡಪಂಥೀಯರ ಮೆಚ್ಚಿನವರು, ಗಾರ್ಸಿಯಾ ನಡುದಾರಿಯವರು. 2025ರ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ಪರಸ್ಪರ ಬೆಂಬಲ ಕೊಟ್ಟುಕೊಂಡು ನಗುನಗುತ್ತಾ ಪ್ರಚಾರ ಮಾಡಿದ್ದನ್ನು ನೋಡಿದಾಗ, ಇದನ್ನು ನಾಲ್ಕು ವರ್ಷದ ಹಿಂದೆ ಕಲಿತಿದ್ದರೆ ಅನ್ನಿಸಿತು. ಆ ಸಲ ನಾನು ಐದೂ ಸಾಲು ತುಂಬಿದೆ. ಐದನೆಯದಕ್ಕೆ ಬಂದಾಗ ಹಿಂದೆ ನಿಂತವರು ಕೆಮ್ಮಿದರು, ಅಷ್ಟು ಹೊತ್ತು ತೆಗೆದುಕೊಂಡಿದ್ದೆ.

2021ರ ಜುಲೈ 7ರಂದು ಗಾರ್ಸಿಯಾ ಸೋಲೊಪ್ಪಿದರು. ಜಾಗ ಆರಿಸಿಕೊಂಡದ್ದು ಸೆಂಟ್ರಲ್ ಪಾರ್ಕಿನ ಮಹಿಳಾ ಹಕ್ಕುಗಳ ಸ್ಮಾರಕ. ಸೋಜರ್ನರ್ ಟ್ರೂತ್, ಸೂಸನ್ ಆಂಥೊನಿ, ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮೂವರೂ ಒಂದು ಮೇಜಿನ ಸುತ್ತ ಇರುವ ಕಂಚಿನ ಪ್ರತಿಮೆ. ಅಷ್ಟು ದೊಡ್ಡ ಪಾರ್ಕಿನಲ್ಲಿ ನಿಜವಾಗಿ ಬದುಕಿದ್ದ ಹೆಂಗಸರ ಪ್ರತಿಮೆ ಅಂತ ಮೊದಲು ಬಂದದ್ದೇ 2020ರಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಕಥೆಯ ಆಲಿಸ್, ಮದರ್ ಗೂಸ್‌ನಂಥವರು. ಈ ನಗರಕ್ಕೆ ನೂರಕ್ಕೂ ಹೆಚ್ಚು ಮೇಯರ್‌ಗಳಾಗಿದ್ದಾರೆ, ಒಬ್ಬ ಹೆಂಗಸೂ ಇಲ್ಲ. ಹೆಂಗಸರು ಮೇಲೇರದಂತೆ ತಡೆಯುವ, ಕಣ್ಣಿಗೆ ಕಾಣದ ಗಾಜಿನ ಚಾವಣಿಯನ್ನು ಒಡೆಯಲಾಗಲಿಲ್ಲ, ಆದರೆ ಚೆನ್ನಾಗಿ ಬಿರುಕು ಬಿಡಿಸಿದ್ದೇವೆ ಅಂತ ಅವರು ಹೇಳಿದರು. ಗಾಜಿನ ಪೆಟ್ಟಿಗೆಯ ಜಾಹೀರಾತು ನೋಡಿ ನಾವು ನಕ್ಕದ್ದು ಆಗ ನೆನಪಾಯಿತು.

ಎರಡು ತಿಂಗಳಾಗುವಷ್ಟರಲ್ಲಿ ರಾಜ್ಯದ ಗವರ್ನರ್ ಬದಲಾದರು. ಕ್ಯಾಥಿ ಹೋಕುಲ್ ಬಂದು ಗಾರ್ಸಿಯಾರನ್ನು ರಾಜ್ಯ ಆಡಳಿತದ ಕಾರ್ಯನಿರ್ದೇಶಕಿ ಮಾಡಿಕೊಂಡರು. ಮತ್ತೆ ಸೋರುವ ಕಡೆಗೆಲ್ಲ ಓಡುವ ಕೆಲಸ, ಮತ್ತೆ ಇನ್ನೊಬ್ಬರ ಪಕ್ಕದ ಕುರ್ಚಿ. ಆದರೆ ಈ ಸಲ ಮುಂದಿನ ಕುರ್ಚಿಯಲ್ಲಿದ್ದದ್ದು ಹೆಂಗಸು. ಅದರಿಂದ ವ್ಯತ್ಯಾಸ ಆಗುತ್ತದಾ? ಗಾರ್ಸಿಯಾರನ್ನೇ ಕೇಳಬೇಕು. ಆಡಮ್ಸ್ ಮೇಯರ್ ಆದರು. 2024ರ ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಭ್ರಷ್ಟಾಚಾರದ ಆರೋಪಪಟ್ಟಿ ಬಂತು, ಮುಂದಿನ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. 2025ರಲ್ಲಿ ಮರುಆಯ್ಕೆಯ ಕಣದಿಂದ ಅವರೇ ಹಿಂದೆ ಸರಿದರು. ಅದೆಲ್ಲ ಪೇಪರಿನಲ್ಲಿ ಬೇಕಾದಷ್ಟು ಬಂದಿದೆ.

ನನ್ನ ಬಲಗೈ ಕೆಲಸ ನಾನು 2022ರಲ್ಲಿ ಬಿಟ್ಟೆ. ಈಗಿರುವ ಕಡೆ ತಂಡ ಚಿಕ್ಕದು, ನಾನೇ ಮುಖ್ಯಸ್ಥೆ. ಮೊದಲ ತಿಂಗಳು ನಾನೂ ಒಬ್ಬ ಹುಡುಗಿಗೆ, "ನೀನಿಲ್ದೆ ಇಲ್ಲಿ ಏನೂ ನಡೆಯಲ್ಲಮ್ಮ" ಅಂದುಬಿಟ್ಟಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ.

ಒಂದು ಚಳಿಗಾಲದ ರಾತ್ರಿ ಚೆನ್ನಾಗಿ ಹಿಮ ಬಿತ್ತು. ಬೆಳಗ್ಗೆ ಆಫೀಸಿಗೆ ಹೋಗಬೇಕಲ್ಲ ಅಂತ ರಾತ್ರಿ ಹತ್ತು ಗಂಟೆಗೇ ಹೊರಗೆ ಹೋಗಿ, ಮುಕ್ಕಾಲು ಗಂಟೆ ಸಲಿಕೆ ಹಿಡಿದು ಕಾರಿನ ಸುತ್ತ ಹಿಮ ತೆಗೆದೆ. ಬಂದು ಬಿಸಿ ಹಾಲು ಕುಡಿದು ಮಲಗಿದೆ. ಬೆಳಗಿನ ಜಾವ ಝಲ್ ಝಲ್ ಸದ್ದು. ಕಿಟಕಿಗೆ ಬಂದೆ. ಲಾರಿ ಬೀದಿಯನ್ನು ಕನ್ನಡಿ ಹಾಗೆ ಗುಡಿಸಿಕೊಂಡು ಹೋಯಿತು. ಗುಡಿಸಿದ ಹಿಮವನ್ನೆಲ್ಲ ನೀಟಾಗಿ ನನ್ನ ಕಾರಿನ ಪಕ್ಕಕ್ಕೆ ಮೊಣಕಾಲೆತ್ತರ ಒಟ್ಟಿತ್ತು.

"ಇವನ ಮನೆ ಹಾಳಾಗ" ಅಂದೆ. ಬೂಟು ಹಾಕಿಕೊಂಡು ಮತ್ತೆ ಸಲಿಕೆ ಹುಡುಕಿದೆ.